ಫುಟ್‌ಪಾತಿನ ಹೆಣಕ್ಕೆ ಊರಿಲ್ಲವೆ?

ಶಂಕರ್ ನಾಗ್ ನಿರ್ದೇಶಿಸಿ ನಟಿಸಿದ 'ಆಕ್ಸಿಡೆಂಟ್' 1985ರಲ್ಲಿ ತೆರೆಗೆ ಬಂತು. ಕತೆ ವಸಂತ ಮೊಕಾಶಿಯವರದು. ಮಾದಕದ ಅಮಲಿನಲ್ಲಿ ರಾಜಕಾರಣಿಯ ಮಗ ಫುಟ್‌ಪಾತಿನಲ್ಲಿ ಮಲಗಿದ್ದ ಕೂಲಿಗಳ ಮೇಲೆ ಕಾರು ಹರಿಸುತ್ತಾನೆ. ಅಪ್ಪ ಧರ್ಮಾಧಿಕಾರಿ (ಅನಂತ್ ನಾಗ್) ಅದನ್ನು ಮುಚ್ಚಿಹಾಕಲು ನಿಲ್ಲುತ್ತಾನೆ. ಪತ್ರಕರ್ತನೊಬ್ಬ ಬೆನ್ನು ಹತ್ತುತ್ತಾನೆ. ನಾಯಕ ನಾಯಕಿ ಮರ ಸುತ್ತಿ ಹಾಡುತ್ತಿದ್ದ ಕಾಲದಲ್ಲಿ ಇಂಥ ಚಿತ್ರ ಮಾಡಿದ್ದು ಸಣ್ಣ ಮಾತಲ್ಲ. ಸಾಮಾಜಿಕ ಸಮಸ್ಯೆಯ ಚಿತ್ರಕ್ಕೆಂದು ಕೊಡುವ ರಾಷ್ಟ್ರಪ್ರಶಸ್ತಿ ಅದಕ್ಕೆ ಬಂದದ್ದು ನ್ಯಾಯವೇ. 1990ರಲ್ಲಿ ದಾವಣಗೆರೆ ಹತ್ತಿರದ ಆನಗೋಡಿನಲ್ಲಿ ಶಂಕರ್ ನಾಗ್ ರಸ್ತೆ ಅಪಘಾತದಲ್ಲೇ ತೀರಿಕೊಂಡರು. ಆಟೋಗಳ ಹಿಂದೆ ಅವರ ಮುಖ ಇಂದಿಗೂ ಐತಿ. ಆ ಪ್ರೀತಿ ಇಟ್ಟುಕೊಂಡೇ ನಾವು ಕೇಳುತ್ತೇವೆ: ಫುಟ್‌ಪಾತಿನಲ್ಲಿ ಸತ್ತೋರು ಯಾರು? ಯಾವೂರೋರು?

ಕಾರು ಓಡಿಸಿದವನು ಸಿಕ್ಕಿಬೀಳುತ್ತಾನೋ ಇಲ್ಲವೋ ಎಂಬುದೇ ಇಂಥ ಚಿತ್ರಕತೆಯ ಉಸಿರು. ಆದ್ದರಿಂದ ಕೊಂದವನಿಗೆ ಮನೆ, ಅಪ್ಪ, ಗೆಳೆಯ, ಭಯ ಎಲ್ಲವೂ ಸಿಗುತ್ತವೆ. ಬದುಕುಳಿದ ಕೂಲಿಯವನು ಬೇಕಾಗುವುದು ಸಾಕ್ಷಿಯಾಗಿ. ಸತ್ತವರು ಲೆಕ್ಕಕ್ಕೆ ಸೇರುತ್ತಾರೆ, ಕತೆಗೆ ಸೇರುವುದಿಲ್ಲ.

ಮಹಾಯುದ್ಧ ಮುಗಿದ ವಿಯೆನ್ನಾದ ಮೇಲೆ ಗ್ರಹಾಂ ಗ್ರೀನ್ ಬರೆದು ಕ್ಯಾರಲ್ ರೀಡ್ ನಿರ್ದೇಶಿಸಿದ 'ದಿ ಥರ್ಡ್ ಮ್ಯಾನ್' (1949) ಚಿತ್ರದಲ್ಲೂ ಹೀಗೇ. ಕಲಬೆರಕೆ ಪೆನಿಸಿಲಿನ್ ಮಾರುವ ಹ್ಯಾರಿ ಲೈಮ್‌ಗೆ, ಜಾತ್ರೆಯ ತೊಟ್ಟಿಲಿನಂಥ ದೊಡ್ಡ ಚಕ್ರದ ಮೇಲಿನಿಂದ ಕೆಳಗಿನ ಜನ ಬರೀ ಚುಕ್ಕೆಗಳು. ಆ ಔಷಧಿಗೆ ಬಲಿಯಾದ ಮಕ್ಕಳ ಆಸ್ಪತ್ರೆಗೆ ಕ್ಯಾಮರಾ ಹೋಗುತ್ತದೆ. ಮಕ್ಕಳ ಮುಖ ತೋರಿಸದೆ, ನೋಡುವ ಗೆಳೆಯನ ಮುಖ ತೋರಿಸುತ್ತದೆ. ಅವನ ಮನಸ್ಸು ತಿರುಗುತ್ತದೆ. ಕಸುಬಿನ ದೃಷ್ಟಿಯಿಂದ ಇದು ದೊಡ್ಡ ಜಾಣತನ. ಆದರೆ ನೊಂದವರು ಇನ್ನೊಬ್ಬರ ಆತ್ಮಸಾಕ್ಷಿ ಎಬ್ಬಿಸುವ ಗಂಟೆಯಾಗಿಯೇ ಇರುವುದು ಎಷ್ಟು ದಿನ?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ನಮಗೆ ಫುಟ್‌ಪಾತು ಸಿನಿಮಾದ ಸೆಟ್ಟಲ್ಲ. ಮಳೆ ಕೈಕೊಟ್ಟು ಶೇಂಗಾ, ಜೋಳ ಒಣಗಿದರೆ ಕೇರಿಗೆ ಕೇರಿಯೇ ಗುಳೆ ಏಳುತ್ತದೆ. ಬೆಂಗಳೂರಿನ ಕಟ್ಟಡಕ್ಕೆ, ಮಲೆನಾಡಿನ ಕಾಫಿ ತೋಟಕ್ಕೆ. ಮೇಸ್ತ್ರಿಯ ಮುಂಗಡ, ಬಾಗಿಲಿಗೆ ಬೀಗ, ಕಟ್ಟೆ ಮೇಲೆ ಉಳಿದ ಮುದುಕರು, ಸಾಲಿ ಬಿಟ್ಟು ಹೊರಟ ಮಕ್ಕಳು. ಭೂಮಿ ಯಾರ ಹೆಸರಿನಲ್ಲಿದೆ, ಕೇರಿ ಯಾಕೆ ಊರ ಹೊರಗಿದೆ ಎಂದು ಕೇಳದೆ, ಫುಟ್‌ಪಾತಿನ ಮೇಲೆ ಮಲಗಿದವರು ಯಾರೆಂದು ತಿಳಿಯುವುದಿಲ್ಲ. 'ಬಡವರು' ಎಂಬ ಮಾತು ಎಷ್ಟೋ ಸಲ ಜಾತಿಯ ಮೇಲೆ ಹೊದಿಸುವ ಕಂಬಳಿ.

ಚಿತ್ರದ ಹೆಸರಿನಲ್ಲೇ ವ್ಯಂಗ್ಯವಿದೆ. ಅಧಿಕಾರದ ಅಮಲು ಮಾಡಿದ ಕೊಲೆಗೆ ಆಕ್ಸಿಡೆಂಟು ಎಂದು ಹೆಸರು! ಆ ವ್ಯಂಗ್ಯ ಕಾರಿನ ಹತ್ತಿರ ನಿಲ್ಲದೆ ಇನ್ನಷ್ಟು ಹಿಂದಕ್ಕೆ ಹೋಗಬೇಕಿತ್ತು. ಆ ಜನ ಅಲ್ಲಿಗೆ ಬಂದು ಮಲಗಿದ್ದೂ ಆಕಸ್ಮಿಕವಲ್ಲ. ಪತ್ತೇದಾರಿ ಬ್ಯಾಡ ಅನ್ನೋರಲ್ಲ ನಾವು. ಆದರೆ ನಗರದಲ್ಲಿ ಹುಟ್ಟಿ ನಗರದಲ್ಲೇ ಮುಗಿಯುವ ಪತ್ತೇದಾರಿ ಅರ್ಧದ್ದು. ಉಳಿದರ್ಧದ ಸುಳಿವು ಕೂಡ್ಲಿಗಿ ಕಡೆಯ ಬೀಗ ಬಿದ್ದ ಬಾಗಿಲಲ್ಲಿದೆ, ಮೇಸ್ತ್ರಿಯ ಲೆಕ್ಕದ ಪುಸ್ತಕದಲ್ಲಿದೆ. ಆ ಚಿತ್ರಕತೆ ಬರೆಯಬೇಕಾದವರು ನಾವೇ.