ಹೆಸರಿಲ್ಲದ ಸ್ವಾಗತ

ಹೇಳಿ ಬರೆಯಿಸಿದ ಹಾಡಿನಲ್ಲಿ ಕವಿತೆ ಇರಲಾರದೆಂದು ನಂಬಿದವರು ಅಮೆರಿಕದ ಜಾನ್ ಸೆಬಾಸ್ಟಿಯನ್ನರ 'ವೆಲ್‌ಕಮ್ ಬ್ಯಾಕ್' ಅನ್ನು ಒಮ್ಮೆ ಕೇಳಬೇಕು. 1975ರಲ್ಲಿ ಅಲ್ಲಿನ ಎ.ಬಿ.ಸಿ. ಟೆಲಿವಿಷನ್ ಆರಂಭಿಸಿದ ಹಾಸ್ಯಮಾಲೆಯೊಂದಕ್ಕೆ ಇದು ನಾಂದಿಗೀತೆ. ಬ್ರೂಕ್ಲಿನ್ನಿನ ಶಾಲೆಯೊಂದರಲ್ಲಿ ದಡ್ಡರ ತರಗತಿಯಲ್ಲಿ ಕುಳಿತು ಓದಿದ ಕಾಟರ್ ಎಂಬವನು ಅದೇ ತರಗತಿಗೆ ಮೇಷ್ಟರಾಗಿ ಬರುತ್ತಾನೆ. ಎದುರಿಗೆ, ಯಾರಿಂದಲೂ ಪಾಠ ಹೇಳಿಸಿಕೊಳ್ಳದ ಹುಡುಗರು. (ಅದೇ ಕಸುಬಿನವನಾದ ನನಗೆ ಇಲ್ಲಿ ಸ್ವಲ್ಪ ಪಕ್ಷಪಾತವಿದ್ದೀತು.)

ಮಾಲೆಗೆ 'ಕಾಟರ್' ಎಂದಷ್ಟೇ ಹೆಸರಿಡುವ ಯೋಚನೆಯಿತ್ತಂತೆ. ಆ ಹೆಸರಿಗೆ ಪ್ರಾಸ ಹೊಂದಿಸುವುದು ಸೆಬಾಸ್ಟಿಯನ್ನರಿಗೆ ತೊಡಕಾಯಿತು. ಅವರು ಹೆಸರನ್ನೇ ಬಿಟ್ಟು, ಮರಳಿ ಬಂದವನನ್ನು ಊರು ಎದುರುಗೊಳ್ಳುವ ಮಾತನ್ನು ಹಿಡಿದರು. ಕೊನೆಗೆ ಮಾಲೆಯೇ 'ವೆಲ್‌ಕಮ್ ಬ್ಯಾಕ್, ಕಾಟರ್' ಎಂದು ಹೆಸರು ಬದಲಿಸಿಕೊಂಡಿತು! ಪ್ರಾಸದ ಬಡತನ ಭಾವಕ್ಕೆ ಸಿರಿಯಾಯಿತೆನ್ನಬೇಕು. ಮೇಷ್ಟರ ಹೆಸರಿಲ್ಲದ್ದರಿಂದಲೇ ಹಾಡು, ಊರು ಬಿಟ್ಟು ಹೋಗಿ ಮರಳಿದ ಯಾರದಾದರೂ ಆಗಬಲ್ಲದು.

ಅದಾದರೂ ಹೂಮಾಲೆಯ ಸ್ವಾಗತವಲ್ಲ. ಜಗಲಿಯ ಮೇಲೆ ಕುಳಿತ ಹಳೆಯ ಗೆಳೆಯನ ಕೀಟಲೆ ಅದು. ಪಾರಾಗಿ ಹೋದವನು ಮತ್ತೆ ಸಿಕ್ಕಿಬಿದ್ದನಲ್ಲ ಎಂಬ ನಗೆ ಮೇಲೆ. ನೀನು ಇಲ್ಲಿಗೆ ಬೇಕಾದವನು ಎಂಬ ಧ್ವನಿ ಒಳಗೆ. ಸೆಬಾಸ್ಟಿಯನ್ನರ ಸಡಿಲವಾದ, ಮಾತಿಗೆ ಹತ್ತಿರವಾದ ಗಾಯನ ಈ ಎರಡನ್ನೂ ಬೇರೆಯಾಗಗೊಡುವುದಿಲ್ಲ. 'ಲವಿನ್ ಸ್ಪೂನ್‌ಫುಲ್' ತಂಡವನ್ನು 1968ರಲ್ಲಿ ಬಿಟ್ಟಿದ್ದ ಅವರ ಈ ಹಾಡು 1976ರ ಮೇ ತಿಂಗಳಲ್ಲಿ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನಕ್ಕೇರಿತು.

ಟೆಲಿವಿಷನ್ನಿಗೆ ಮೊದಲ ಚರಣವೇ ಸಾಕಾಗಿತ್ತು. ಧ್ವನಿಮುದ್ರಿಕೆಗೆಂದು ಬೆಳೆಸಿದ ಎರಡನೆಯದು 'ಯಾಕೆ ಬಂದೆ?' ಎಂಬ ಅದೇ ಪ್ರಶ್ನೆಯನ್ನು ಸುತ್ತುತ್ತದೆ; ನನಗೆ ಅದು ಬೇಕೆನಿಸಲಿಲ್ಲ.