ಹೆಬ್ಬೆರಳಿನ ಆಯುಧ: ಕುದುರೆ ಎಳೆಯುವ ಕೋವಿ, ರಿವಾಲ್ವರ್‌ಗಳ ರಸಿಕರಿಗೊಂದು ಕೈಪಿಡಿ

ಕೋವಿಯನ್ನಾಗಲಿ ರಿವಾಲ್ವರನ್ನಾಗಲಿ ಮೊದಲ ಸಲ ಹತ್ತಿರದಿಂದ ನೋಡುವವರ ಕಣ್ಣು ನೇರ ನಳಿಗೆಗೆ ಹೋಗುತ್ತದೆ. ಗುಂಡು ಹೊರಡುವುದು ಅಲ್ಲಿಂದ ತಾನೆ. ಆದರೆ ರಸ ಇರುವುದು ಹಿಂದುಗಡೆ: ಹಿಡಿಕೆಯಲ್ಲಿ, ಕುದುರೆಯಲ್ಲಿ, ಅವೆರಡರ ನಡುವೆ ಹೆಬ್ಬೆರಳು ಓಡಾಡುವ ಎರಡಂಗುಲ ಜಾಗದಲ್ಲಿ. 1873ರಲ್ಲಿ ಅಮೆರಿಕದ ಸೈನ್ಯ ಒಪ್ಪಿಕೊಂಡ ಕೋಲ್ಟ್ ಸಿಂಗಲ್ ಆ್ಯಕ್ಷನ್ ಆರ್ಮಿ ರಿವಾಲ್ವರಿನ ಮಾದರಿಯನ್ನು ಜನ ಇಂದಿಗೂ ತಯಾರಿಸುತ್ತಾರೆ, ಇಂದಿಗೂ ಕೊಳ್ಳುತ್ತಾರೆ. ಅದಕ್ಕಿಂತ ಚುರುಕಾದವು, ಹಗುರವಾದವು, ಹೆಚ್ಚು ಗುಂಡು ಹಿಡಿಸುವಂಥವು ಎಷ್ಟೋ ಬಂದವು. ಇದು ಮಾತ್ರ ಹಳತಾಗಲಿಲ್ಲ. ಯಾಕೆ ಎಂಬುದನ್ನು ಅರಿಯಲು ಅಮೆರಿಕಕ್ಕೆ ಹೋಗಬೇಕಿಲ್ಲ. ನಂಜನಗೂಡು, ತಿ. ನರಸೀಪುರ ಸೀಮೆಯ ಹೊಲದ ಮನೆಗಳಿಂದಲೇ ಶುರುಮಾಡಬಹುದು.

ಹೆಡಿಯಾಲದ ಕಡೆ ಬಂಡೀಪುರದ ಕಾಡಿಗೆ ಅಂಟಿಕೊಂಡೇ ಹೊಲಗಳಿವೆ. ತಿ. ನರಸೀಪುರದ ನಾಲೆ ಬಯಲಿನಲ್ಲಿ ಕಬ್ಬಿಗೆ ಹಂದಿ ಬೀಳುತ್ತದೆ. ಬೆಳೆ ಕಾಯುವುದಕ್ಕೆಂದು ಲೈಸನ್ಸ್ ಪಡೆದು ಇಟ್ಟುಕೊಂಡ ಒಂಟಿನಳಿಗೆಯ ಕೇಪಿನ ಕೋವಿಗಳು ಇಂಥ ಕಡೆ ಕೆಲವು ಮನೆಗಳಲ್ಲಿ ಉಳಿದಿವೆ. ಅವುಗಳ ಕೆಲಸ ಹೆಚ್ಚಾಗಿ ಸದ್ದು ಮಾಡಿ ಬೆದರಿಸುವುದು. ಚುನಾವಣೆ ಬಂತೆಂದರೆ ಅವು ಠಾಣೆಗೆ ಜಮಾ ಆಗುತ್ತವೆ, ಮುಗಿದ ಮೇಲೆ ಮನೆಗೆ ಮರಳುತ್ತವೆ. ನೋಡಲು ಒಳ್ಳೆಯ ಸಮಯ ಆಯುಧಪೂಜೆ. ನೇಗಿಲು, ಕುಡುಗೋಲು, ಮಚ್ಚಿನ ಸಾಲಿನಲ್ಲಿ ಕೋವಿಯೂ ಒರಸಿ, ಎಣ್ಣೆ ಸವರಿಸಿಕೊಂಡು, ಅರಿಶಿನ ಕುಂಕುಮ ಇಡಿಸಿಕೊಂಡು ಕೂತಿರುತ್ತದೆ. ಮುಟ್ಟುವ ಆತುರ ಬೇಡ. ಲೈಸನ್ಸ್ ಇರುವವರ ಕೈಯಲ್ಲೇ ಇರಲಿ, ಖಾಲಿ ಇದೆಯೆಂದು ಅವರೇ ಖಾತ್ರಿ ಮಾಡಿಕೊಂಡು ತೋರಿಸಲಿ. ನಿಮ್ಮ ಪಾಲಿಗೆ ಕಣ್ಣು, ಕಿವಿ ಸಾಕು.

ಕುದುರೆ ನೋಡಿ. ನಳಿಗೆಯ ಬುಡದಲ್ಲಿ, ಬಲಮಗ್ಗುಲಿಗೆ, ಕತ್ತು ಬಾಗಿಸಿ ನಿಂತಿರುವ ಕಬ್ಬಿಣದ ತುಂಡು ಅದು. ಹೆಬ್ಬೆರಳಿಟ್ಟು ಹಿಂದಕ್ಕೆಳೆದರೆ ಒಳಗಿನ ಸ್ಪ್ರಿಂಗ್ ಬಿಗಿಯುತ್ತದೆ. ಅರ್ಧ ದಾರಿಯಲ್ಲಿ ಒಂದು ಟಿಕ್, ತುದಿಗೆ ಇನ್ನೊಂದು ಟಿಕ್. ಹೆಡಿಯಾಲದ ಕಡೆಯ ಹಿರಿಯರೊಬ್ಬರು ಇದನ್ನು ನನಗೆ ಒಂದೇ ಮಾತಿನಲ್ಲಿ ಹೇಳಿಕೊಟ್ಟರು: "ಅರ್ಧಕ್ಕ ನಿಂತಿದ್ರ ಕೋವಿ ಮನಗದ ಅಂತ ಕಣಪ್ಪ, ಪೂರ್ತಿ ಎಳುದ್ರ ಎದ್ದದ ಅಂತ." ಮನಗಿದ್ದನ್ನೂ ನಂಬಬಾರದು ಎಂದು ಅವರೇ ಸೇರಿಸಿದರು. ಅರ್ಧದ ಕಚ್ಚು ಸವೆದಿದ್ದರೆ ಕುದುರೆ ತಾನಾಗಿ ಜಾರಬಹುದು.

ಸಿಂಗಲ್ ಆ್ಯಕ್ಷನ್ ಅಂದರೆ ಮೂಲತಃ ಇಷ್ಟೇ. ಕುದುರೆಯನ್ನು ಎಬ್ಬಿಸುವುದು ಹೆಬ್ಬೆರಳು, ಬಿಡುವುದು ತೋರುಬೆರಳು. ಟ್ರಿಗರ್‌ಗೆ ಉಳಿದಿರುವುದು ಒಂದೇ ಕೆಲಸ. ರಿವಾಲ್ವರಿನಲ್ಲಾದರೆ ಹೆಬ್ಬೆರಳು ಎಳೆದಾಗಲೇ ಸಿಲಿಂಡರು ಒಂದು ಮನೆ ಮುಂದಕ್ಕೆ ತಿರುಗಿ ಹೊಸ ತೋಟೆಯನ್ನು ನಳಿಗೆಗೆ ಎದುರಾಗಿ ತಂದು ನಿಲ್ಲಿಸುತ್ತದೆ. ಡಬಲ್ ಆ್ಯಕ್ಷನ್‌ನಲ್ಲಿ ಇಷ್ಟೂ ಕೆಲಸ ಟ್ರಿಗರ್ ಮೇಲೇ ಬೀಳುವುದರಿಂದ ಅದರ ಎಳೆತ ಉದ್ದ, ಭಾರ. ಹೆಬ್ಬೆರಳು ಭಾರದ ಕೆಲಸವನ್ನು ಮೊದಲೇ ಮುಗಿಸಿಟ್ಟರೆ ತೋರುಬೆರಳಿಗೆ ಉಳಿಯುವುದು ಕೂದಲೆಳೆಯಷ್ಟು ಒತ್ತಡ. ಗುರಿ ಕದಲದಿರುವುದು ಅದರಿಂದ.

ಇನ್ನು ಹಿಡಿಕೆ. ಇದರ ವಿಷಯದಲ್ಲಿ ನನಗೆ ಪಕ್ಷಪಾತವಿದೆ, ಮುಚ್ಚಿಡುವುದಿಲ್ಲ. ಕೋಲ್ಟ್‌ನ ಹಿಡಿಕೆ ಮೇಲಿನಿಂದ ಕೆಳಕ್ಕೆ ನಯವಾಗಿ ಬಾಗಿ, ತುದಿಯಲ್ಲಿ ಕೊಂಚ ಅಗಲವಾಗಿ ನಿಲ್ಲುತ್ತದೆ, ನಮ್ಮ ನೇಗಿಲ ಮೇಣಿಯ ಹಾಗೆ. ಮೇಣಿ ಹಿಡಿದ ರೈತ ಅದನ್ನು ಹಿಸುಕುವುದಿಲ್ಲ. ಅಂಗೈ ಮೇಲಿಟ್ಟು, ನೆಲ ಹೇಳಿದ ಹಾಗೆ ಕೈಯೊಳಗೆ ಕೊಂಚ ಆಡಲು ಬಿಡುತ್ತಾನೆ. ಗಟ್ಟಿ ಹಿಡಿದರೆ ಗುಳ ಎಲ್ಲೋ ಕಚ್ಚಿಕೊಳ್ಳುತ್ತದೆ, ಸಡಿಲ ಬಿಟ್ಟರೆ ಮೇಲೇಳುತ್ತದೆ. ಈ ರಿವಾಲ್ವರಿನ ಹಿಡಿಕೆ ಕೇಳುವುದೂ ಅದೇ ಹದ. ಗುಂಡು ಹಾರಿದಾಗ ಹಿಮ್ಮೆಟ್ಟುವ ಬಲ ನೇರವಾಗಿ ಮಣಿಕಟ್ಟಿಗೆ ಗುದ್ದುವ ಬದಲು ಹಿಡಿಕೆಯನ್ನು ಅಂಗೈಯೊಳಗೇ ಉರುಳಿಸುತ್ತದೆ. ಮೂತಿ ಮೇಲೇಳುತ್ತದೆ, ಅದರ ಜೊತೆಗೇ ಕುದುರೆ ತಾನಾಗಿ ಹೆಬ್ಬೆರಳ ಹತ್ತಿರಕ್ಕೆ ಬರುತ್ತದೆ. ಮುಂದಿನ ಗುಂಡಿಗೆ ಎಳೆಯುತ್ತ ಮೂತಿಯನ್ನು ಇಳಿಸಿದರೆ ಸರಿ, ಒಂದೇ ಬೀಸು. ಡಬಲ್ ಆ್ಯಕ್ಷನ್ ರಿವಾಲ್ವರುಗಳ ಹಿಡಿಕೆಯಲ್ಲಿ ಈ ಉರುಳನ್ನು ತಡೆಯಲೆಂದೇ ಮೇಲ್ಭಾಗದಲ್ಲಿ ಒಂದು ಉಬ್ಬು ಇರುತ್ತದೆ. ಉದ್ದದ ಎಳೆತಕ್ಕೆ ಅದು ಬೇಕು ಎನ್ನುವುದು ನಿಜ. ಆದರೆ ಕೈ ಸುಮ್ಮನೆ ಚಾಚಿದಾಗ ಬೆರಳು ತೋರಿದ ಕಡೆಗೇ ನಳಿಗೆ ತಿರುಗುವ ಆ ಸಹಜತೆ ಉಬ್ಬಿಲ್ಲದ ಹಳೆಯ ಹಿಡಿಕೆಯದು.

ಕಣ್ಣು ಪಳಗಿದ ಮೇಲೆ ಕಿವಿ. ಕೋಲ್ಟ್‌ನ ಕುದುರೆಯನ್ನು ನಿಧಾನವಾಗಿ ಎಳೆದರೆ ನಾಲ್ಕು ಟಿಕ್ ಕೇಳಿಸಬೇಕು. ಮೊದಲನೆಯದು ಸುರಕ್ಷೆಯ ಕಚ್ಚು. ಎರಡನೆಯದು ಅರ್ಧ ಎಳೆತ, ತೋಟೆ ತುಂಬಲು ಸಿಲಿಂಡರು ಸಲೀಸಾಗಿ ತಿರುಗುವ ಜಾಗ. ಮೂರನೆಯದು ಸಿಲಿಂಡರನ್ನು ತಡೆದು ನಿಲ್ಲಿಸುವ ಅಗುಳಿ ಮೇಲೆದ್ದ ಸದ್ದು. ನಾಲ್ಕನೆಯದು ಪೂರ್ತಿ ಎಳೆತ. ಬೇಗ ಎಳೆದರೆ ನಾಲ್ಕೂ ಸೇರಿ ಒಂದೇ ಗರ್ ಎನ್ನುತ್ತವೆ. ಅನುಭವಸ್ಥರು ಈ ಸದ್ದುಗಳ ನಡುವಿನ ಅಂತರ ಕೇಳಿಯೇ ಒಳಗಿನ ಕಚ್ಚು ಸವೆದಿದೆಯೋ ಇಲ್ಲವೋ ಅಳೆಯುತ್ತಾರೆ. ಈ ಕೇಳುವಿಕೆಯನ್ನು ಪರದೆಯ ಮೇಲೆ ಕಾಣಬೇಕಿದ್ದರೆ ಸೆರ್ಜಿಯೊ ಲಿಯೋನೆಯ 1966ರ ‘ದಿ ಗುಡ್, ದಿ ಬ್ಯಾಡ್ ಅಂಡ್ ದಿ ಅಗ್ಲಿ’ ನೋಡಿ. ಬಂದೂಕಿನ ಅಂಗಡಿಯಲ್ಲಿ ಎಲೈ ವಾಲಕ್ ಒಂದೊಂದೇ ರಿವಾಲ್ವರ್ ಬಿಚ್ಚಿ, ಸಿಲಿಂಡರನ್ನು ಕಿವಿಯ ಪಕ್ಕ ಹಿಡಿದು ತಿರುಗಿಸಿ ಆಲಿಸಿ, ಬೇರೆ ಬೇರೆಯವುಗಳ ಭಾಗ ಆರಿಸಿ ತನಗೆ ಬೇಕಾದ್ದನ್ನು ಜೋಡಿಸಿಕೊಳ್ಳುತ್ತಾನೆ. ಆ ಪಾತ್ರ ಎಂಥ ಕಳ್ಳನೇ ಇರಲಿ, ಆ ಹೊತ್ತಿನಲ್ಲಿ ಅವನು ಅಪ್ಪಟ ರಸಿಕ. ನಮ್ಮ ರಾಮನಗರದ ಬಂಡೆಗಳ ನಡುವೆ ತೆಗೆದ 1975ರ ‘ಶೋಲೆ’ಯಲ್ಲೂ ಗಬ್ಬರ್‌ನ ಹೆಸರಾಂತ ದೃಶ್ಯ ನಿಂತಿರುವುದು ಸಿಲಿಂಡರಿನ ಆರು ಮನೆಗಳ ಲೆಕ್ಕದ ಮೇಲೆ.

ಆರು ಮನೆಯಿದ್ದರೂ ಹಳಬರು ತುಂಬುತ್ತಿದ್ದುದು ಐದೇ. ಕುದುರೆಯ ಮೂತಿಯ ಮೊಳೆ ನೇರವಾಗಿ ತೋಟೆಯ ಬೆನ್ನಿಗೆ ತಾಗಿಕೊಂಡಿರುತ್ತದೆ, ರಿವಾಲ್ವರ್ ಕೆಳಗೆ ಬಿದ್ದರೆ ತಾನಾಗಿ ಸಿಡಿದೀತು. ಅದಕ್ಕೇ ಕುದುರೆಯ ಕೆಳಗಿನ ಮನೆ ಖಾಲಿ. ತುಂಬುವುದೂ ಬಲಬದಿಯ ಪುಟ್ಟ ಬಾಗಿಲು ತೆರೆದು ಒಂದೊಂದಾಗಿ, ಖಾಲಿ ತೋಟೆ ತೆಗೆಯುವುದೂ ಕಡ್ಡಿಯಿಂದ ತಳ್ಳಿ ಒಂದೊಂದಾಗಿ. ಹೊಸಬರಿಗೆ ಇದು ಕೊರತೆಯಾಗಿ ಕಾಣುತ್ತದೆ. ಆದರೆ ಪ್ರತಿ ಗುಂಡಿಗೂ ಮುಂಚೆ ಕೈ ಒಂದು ಪೂರ್ತಿ ಕೆಲಸ ಮಾಡಬೇಕಾಗಿರುವುದರಿಂದ ಯೋಚನೆಗೆ ಬಿಡುವು ಸಿಗುತ್ತದೆ. ಪ್ರಾಣ ತೆಗೆಯಬಲ್ಲ ವಸ್ತುವಿಗೆ ಈ ಬಿಡುವು ಇರಲೇಬೇಕೆಂದು ನಾನು ನಂಬಿದ್ದೇನೆ. ಅಮೆರಿಕದ ರೂಗರ್ ಕಂಪನಿ 1973ರಿಂದ ತನ್ನ ಸಿಂಗಲ್ ಆ್ಯಕ್ಷನ್‌ಗಳ ಕುದುರೆಗೂ ಮೊಳೆಗೂ ನಡುವೆ ಒಂದು ಪಟ್ಟಿ ಇಟ್ಟು ಆರನೆಯ ಮನೆಯ ಭಯ ನೀಗಿಸಿತು. ಸುರಕ್ಷಿತ ವಿನ್ಯಾಸ, ಮೆಚ್ಚಲೇಬೇಕು. ಅದರಲ್ಲಿ ಆ ನಾಲ್ಕು ಟಿಕ್‌ಗಳಿಲ್ಲ.

ಇನ್ನೂ ಹಿಂದಕ್ಕೆ ಹೋಗುವವರು ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಗೆ ಹೋಗಿ ಬರಲಿ. ಆದರೆ ಟಿಪ್ಪುವಿನ ಸ್ವಂತ ಕೋವಿ, ಪಿಸ್ತೂಲುಗಳಲ್ಲಿ ಒಳ್ಳೊಳ್ಳೆಯವು ಅವನು ಮಡಿದ 1799ರ ಮೇ 4ರ ನಂತರ ಇಂಗ್ಲೆಂಡ್ ಸೇರಿಬಿಟ್ಟವು. ಅವುಗಳ ಚಿತ್ರಗಳನ್ನಾದರೂ ಹುಡುಕಿ ನೋಡಿ. ಮೈತುಂಬ ಹುಲಿಪಟ್ಟೆ. ಕೆಲವುಗಳಲ್ಲಿ ಚಕಮಕಿ ಕಲ್ಲು ಕಚ್ಚಿದ ಕುದುರೆಯೇ ಹುಲಿಯ ರೂಪ ತಾಳಿದೆ. ಶ್ರೀರಂಗಪಟ್ಟಣದ ಕಮ್ಮಾರ ಅಲಂಕಾರಕ್ಕೆ ಆರಿಸಿಕೊಂಡದ್ದು ಹೆಬ್ಬೆರಳು ಕೂರುವ ಜಾಗವನ್ನೇ. ಚಕಮಕಿ ಹೋಗಿ ಕೇಪು ಬಂತು, ಕೇಪು ಹೋಗಿ ತೋಟೆ ಬಂತು. ಹೆಬ್ಬೆರಳಿನ ಕೆಲಸ ಬದಲಾಗಲಿಲ್ಲ.

ಹಾರಿಸುವುದನ್ನೇ ನೋಡಬೇಕೆಂದರೆ ಸೆಪ್ಟೆಂಬರ್ 3ರ ಕೈಲ್‌ಪೊಳ್ದ್ ಹಬ್ಬಕ್ಕೆ ಕೊಡಗಿಗೆ ಹೋಗಿ. ಕೋವಿಗೆ ಲೈಸನ್ಸ್ ಬೇಡವೆಂಬ ಕೊಡವರ, ಜಮ್ಮಾ ಭೂಮಿಯ ಹಿಡುವಳಿದಾರರ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಇನ್ನೂ ಹತ್ತು ವರ್ಷಕ್ಕೆ ಮುಂದುವರಿಸಿದೆ. ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯದಲ್ಲಿ ಎಲ್ಲರೂ ಕಾಯಿ ನೋಡುತ್ತಿರುತ್ತಾರೆ. ಯಾರ ಕೈಯಲ್ಲಾದರೂ ಹೊರಗೆ ಕುದುರೆ ಇರುವ ಹಳೆಯ ಜೋಡಿನಳಿಗೆ ಕಂಡರೆ ನೀವು ಅವರ ಹೆಬ್ಬೆರಳು ನೋಡಿ.

ರಿವಾಲ್ವರಿನ ಪರಿಚಯಕ್ಕೆ ನಮ್ಮಲ್ಲಿ ಸುಲಭವಾಗಿ ಸಿಗುವುದು ಕಾನ್ಪುರದ ಸರ್ಕಾರಿ ಕಾರ್ಖಾನೆಯ .32. ಅದು ಡಬಲ್ ಆ್ಯಕ್ಷನ್, ಆದರೆ ಬೇಕಿದ್ದರೆ ಕುದುರೆ ಎಳೆದೂ ಹಾರಿಸಬಹುದು. ಲೈಸನ್ಸ್ ಇರುವ ಗೆಳೆಯರು ಅಧಿಕೃತ ಶೂಟಿಂಗ್ ರೇಂಜಿಗೆ ಹೋಗುವಾಗ ಜೊತೆಗೆ ಹೋಗಿ. ಒಂದು ಗುರಿಹಾಳೆಗೆ ಬರೀ ಟ್ರಿಗರ್ ಎಳೆದು, ಇನ್ನೊಂದಕ್ಕೆ ಪ್ರತಿ ಸಲ ಕುದುರೆ ಎಬ್ಬಿಸಿ ಹಾರಿಸಲು ಹೇಳಿ. ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಡಿ. ಹೆಚ್ಚಿನವರ ಎರಡನೆಯ ಹಾಳೆಯಲ್ಲಿ ತೂತುಗಳು ಒಂದಕ್ಕೊಂದು ಒತ್ತಿಕೊಂಡು ಬಿದ್ದಿರುತ್ತವೆ.