ಮೂರು ತಪ್ಪು, ಒಂದು ನಿರ್ಗಮನ: ಮಹಾದೇವಿಯಕ್ಕನ ರಗಳೆಯಲ್ಲಿ ದಾಂಪತ್ಯದ ಒಪ್ಪಿಗೆ

ಅಕ್ಕಮಹಾದೇವಿಯ ಚರಿತ್ರೆಯನ್ನು ಕುರಿತ ಆಧುನಿಕ ಸಂಶೋಧನೆಯ ಗಣನೀಯ ಭಾಗ ಒಂದೇ ಪ್ರಶ್ನೆಯ ಸುತ್ತ ಬೆಳೆದಿದೆ. ಆಕೆ ಕೌಶಿಕನನ್ನು ಮದುವೆಯಾಗಿದ್ದಳೇ, ಇಲ್ಲವೇ? ಆಕೆಯ ಕಾಲಕ್ಕೆ ಅತ್ಯಂತ ಸಮೀಪನಾದ ಕವಿ ಹರಿಹರ ತನ್ನ ‘ಮಹಾದೇವಿಯಕ್ಕನ ರಗಳೆ’ಯಲ್ಲಿ ಮದುವೆ ನಡೆಯಿತೆನ್ನುತ್ತಾನೆ. ಹದಿನೈದನೆಯ ಶತಮಾನದ ಚಾಮರಸ ‘ಪ್ರಭುಲಿಂಗಲೀಲೆ’ಯಲ್ಲಿ ಆ ಮದುವೆಯನ್ನು ತೆಗೆದುಹಾಕುತ್ತಾನೆ, ಅಲ್ಲಿ ಅಕ್ಕ ಅರಸನ ಕೋರಿಕೆಯನ್ನು ತಿರಸ್ಕರಿಸಿ ದಿಗಂಬರೆಯಾಗಿ ಹೊರಡುವ ಕನ್ಯೆ. ಮುಂದಿನ ವೀರಶೈವ ಪರಂಪರೆ ಹೆಚ್ಚಾಗಿ ಚಾಮರಸನ ಕಡೆ ವಾಲಿತು. ಇಪ್ಪತ್ತನೆಯ ಶತಮಾನದ ವಿದ್ವಾಂಸರಲ್ಲಿ ಕೆಲವರು ಹರಿಹರನ ಪ್ರಾಚೀನತೆಯನ್ನು ಮುಂದಿಟ್ಟು ಮದುವೆಯನ್ನು ಒಪ್ಪಿದರು. ಉಳಿದವರು ವಚನಗಳ ಅಂತಃಸಾಕ್ಷ್ಯವನ್ನು ಹಿಡಿದು ಅಲ್ಲಗಳೆದರು. ಎರಡೂ ಪಕ್ಷಗಳ ವಾದದ ಅಡಿಯಲ್ಲಿ ಒಂದೇ ಆತಂಕ ಹರಿಯುತ್ತದೆ. ಶರಣಸತಿಯ ದೇಹವನ್ನು ಭವಿಯೊಬ್ಬ ಮುಟ್ಟಿದ್ದನೇ ಎಂಬುದೇ ಆ ಆತಂಕ. ಹೀಗಾಗಿ ಹರಿಹರನ ಪಠ್ಯ ನಿಜವಾಗಿ ಎತ್ತಿದ ಪ್ರಶ್ನೆ ಬದಿಗೆ ಸರಿಯಿತು. ಮದುವೆಗೆ ಒಪ್ಪಿದ ಹೆಣ್ಣು ಆ ಒಪ್ಪಿಗೆಯನ್ನು ಮದುವೆಯ ಒಳಗಿದ್ದುಕೊಂಡೇ ಹಿಂತೆಗೆದುಕೊಳ್ಳಬಹುದೇ ಎಂಬುದು ಆ ಪ್ರಶ್ನೆ.

ಚಾಮರಸನ ಕಥೆಯಲ್ಲಿ ಈ ಪ್ರಶ್ನೆ ಹುಟ್ಟುವುದೇ ಇಲ್ಲ. ಅಲ್ಲಿ ನಿರಾಕರಣೆಗೆ ಗುರಿಯಾದವನು ವರ, ಗಂಡನಲ್ಲ. ವರನನ್ನು ಬೇಡವೆನ್ನುವುದು ಕಠಿಣವಾದರೂ ಲೋಕ ಅದನ್ನು ಅರ್ಥಮಾಡಿಕೊಳ್ಳಬಲ್ಲದು. ಪುರಾಣಗಳಲ್ಲಿ ಅಂಥ ಕನ್ಯೆಯರು ಹಲವರು. ಗಂಡನನ್ನು ಬೇಡವೆನ್ನುವುದಕ್ಕೆ ಮಾತ್ರ ಪೂರ್ವನಿದರ್ಶನ ಸಿಗುವುದು ಕಷ್ಟ. ಹರಿಹರ ಕೈಹಾಕಿದ್ದು ಅಂಥ ಸಂದರ್ಭಕ್ಕೆ. ಮದುವೆಯನ್ನು ಅಳಿಸಿಹಾಕಿದ ಪರಂಪರೆ ಅಕ್ಕನ ಪಾವಿತ್ರ್ಯವನ್ನು ಕಾಯಲು ಹೋಗಿ ಆಕೆಯ ಸಾಹಸದ ಅರ್ಧವನ್ನು ಕಳೆಯಿತೆನ್ನಬೇಕಾಗುತ್ತದೆ.

ರಗಳೆಯ ಕಥಾಕ್ರಮವನ್ನು ನಿಧಾನವಾಗಿ ನೋಡಬೇಕು. ಉಡುತಡಿಯ ಅರಸ ಕೌಶಿಕ ಮಹಾದೇವಿಯನ್ನು ಕಂಡು ಮೋಹಗೊಂಡು ಪರಿವಾರದವರನ್ನು ಅವಳ ಮನೆಗೆ ಕಳುಹಿಸುತ್ತಾನೆ. ತಂದೆತಾಯಿಗಳು ಶಿವಭಕ್ತರು, ಅರಸ ಭವಿ, ಅವರು ಒಪ್ಪುವುದಿಲ್ಲ. ಆಗ ಬೆದರಿಕೆ ಬರುತ್ತದೆ. ಹೆತ್ತವರ ಪ್ರಾಣಕ್ಕೆ ಕುತ್ತು ಬಂದಾಗ ಮಗಳು ಒಪ್ಪುತ್ತಾಳೆ. ಅಂದರೆ ಈ ಒಪ್ಪಿಗೆ ಹುಟ್ಟಿದ್ದೇ ಭಯದಲ್ಲಿ. ಇಂದಿನ ಕಾನೂನಿನ ಪರಿಭಾಷೆಯಲ್ಲಿ ಇದು ಮುಕ್ತ ಸಮ್ಮತಿಯೇ ಅಲ್ಲ. ಆದರೆ ಹರಿಹರ ತನ್ನ ನಾಯಿಕೆಯನ್ನು ಬಲಿಪಶುವಾಗಿ ಚಿತ್ರಿಸಲು ಆ ಭಯವನ್ನು ಬಳಸಿಕೊಳ್ಳುವುದಿಲ್ಲ. ಒಪ್ಪಲೇಬೇಕಾದ ಸ್ಥಿತಿಯಲ್ಲಿ ನಿಂತೇ ಅವಳು ಷರತ್ತು ಹಾಕುತ್ತಾಳೆ. ಶಿವಪೂಜೆಯಲ್ಲಿ, ಮಾಹೇಶ್ವರರ ಗೋಷ್ಠಿಯಲ್ಲಿ, ಗುರುಸೇವೆಯಲ್ಲಿ ತಾನು ತನ್ನಿಚ್ಛೆಯಂತೆ ಇರುವೆ. ಇದಕ್ಕೆ ಅಡ್ಡಿಯಾದರೆ ಮೂರು ತಪ್ಪುಗಳವರೆಗೆ ಸೈರಿಸುವೆ, ಆಮೇಲೆ ಇಲ್ಲ. ಅರಸ ಒಪ್ಪಿ ಮಾತು ಕೊಡುತ್ತಾನೆ.

ಈ ಷರತ್ತುಗಳಲ್ಲಿ ಹಾಸಿಗೆಯ ಪ್ರಸ್ತಾಪ ನೇರವಾಗಿ ಇಲ್ಲವೆಂಬುದನ್ನು ಮರೆಯಬಾರದು. ಅವಳು ಕಾಯ್ದಿರಿಸಿಕೊಳ್ಳುವುದು ತನ್ನ ಹೊತ್ತನ್ನು. ಹರಿಹರನ ವರ್ಣನೆಯಲ್ಲಿ ಅವಳ ದಿನ ಎರಡಾಗಿ ಸೀಳಿದೆ: ಹಗಲು ಲಿಂಗಕ್ಕೆ ಮತ್ತು ಶರಣರಿಗೆ, ಇರುಳು ಮನಸ್ಸಿಲ್ಲದ ಮನಸ್ಸಿನಿಂದ ಅರಸನಿಗೆ. ಸ್ತ್ರೀವಾದಿ ಓದುಗಳು ಈ ಇರುಳಿನ ಭಾಗವನ್ನು ದಾಟಿ ನೇರವಾಗಿ ನಿರ್ಗಮನಕ್ಕೆ ಬರುವುದುಂಟು. ಅದು ಸರಿಯಲ್ಲ. ರಗಳೆಯ ನೋವೆಲ್ಲ ಇರುವುದು ಆ ಇರುಳಿನಲ್ಲಿ. ದೇಹವನ್ನು ಒಪ್ಪಿಸಿಯೂ ತನ್ನನ್ನು ಒಪ್ಪಿಸದ ಹೆಣ್ಣೊಬ್ಬಳ ದಾಂಪತ್ಯವನ್ನು ಇಷ್ಟು ಹತ್ತಿರದಿಂದ ನೋಡಿದ ಕವಿಗಳು ಹಳೆಯ ಕನ್ನಡದಲ್ಲಿ ವಿರಳ.

ಮುಂದಿನ ಮೂರು ತಪ್ಪುಗಳನ್ನು ಈ ಹಿನ್ನೆಲೆಯಲ್ಲಿ ಗಮನಿಸಬೇಕು. ಒಮ್ಮೆ ಅವಳು ಮಲಗಿದ್ದ ಹೊತ್ತಿನಲ್ಲಿ ಬಂದ ಮಾಹೇಶ್ವರರನ್ನು ಅರಸ ಅವಳ ಬಳಿಗೆ ಬಿಡುವುದಿಲ್ಲ. ಮತ್ತೊಮ್ಮೆ ಲಿಂಗಪೂಜೆಯಲ್ಲಿ ಮೈಮರೆತವಳನ್ನು ಮೋಹದಿಂದ ಮುಟ್ಟುತ್ತಾನೆ. ಇನ್ನೊಮ್ಮೆ ಗುರುವಿನ ಎದುರು ಅವಳ ಉಡುಗೆಯನ್ನೇ ಹಂಗಿಸಿ ಅವಮಾನಿಸುತ್ತಾನೆ. ಮೇಲ್ನೋಟಕ್ಕೆ ಮೂರೂ ಭಕ್ತಿಗೆ ಬಂದ ವಿಘ್ನಗಳು. ಸಂಪ್ರದಾಯದ ವ್ಯಾಖ್ಯಾನ ಅಲ್ಲಿಗೇ ನಿಲ್ಲುತ್ತದೆ. ಆದರೆ ಮೂರರಲ್ಲಿಯೂ ಅರಸ ದಾಟಿದ ಗೆರೆ ಅವಳ ಮೈಯ ಸುತ್ತ ಇದ್ದುದು. ಅವಳ ನಿದ್ದೆಗೆ ತಾನು ಒಡೆಯನೆಂದು, ಅವಳ ಮೈ ಯಾವ ಹೊತ್ತಿನಲ್ಲಿಯೂ ತನ್ನ ಕೈಗೆ ಎಟಕುವುದೆಂದು, ಅವಳ ಉಡುಗೆ ತನ್ನ ಮರ್ಜಿಯದೆಂದು ಅವನು ತಿಳಿದಿದ್ದಾನೆ. ಪೂಜೆಯ ಹೊತ್ತಿನ ಸ್ಪರ್ಶವಂತೂ ಸ್ಪಷ್ಟ. ಹಿಂದಿನ ಇರುಳು ಒಪ್ಪಿತವಾದದ್ದೇ ಈ ಹಗಲು ಅಪರಾಧವಾಗುತ್ತದೆ. ಗಂಡನೂ ಅವನೇ, ಹೆಂಡತಿಯೂ ಅವಳೇ. ಬದಲಾದದ್ದು ಅವಳ ಒಪ್ಪಿಗೆ ಮಾತ್ರ. ಒಪ್ಪಿಗೆಯೆಂಬುದು ಮದುವೆಯ ದಿನ ಒಮ್ಮೆಗೇ ಕೊಟ್ಟು ಮುಗಿಯುವ ವಸ್ತುವಲ್ಲ, ಹೊತ್ತುಹೊತ್ತಿಗೆ ಇರುವುದು ಅಥವಾ ಇಲ್ಲದಿರುವುದು ಎಂಬ ತಿಳಿವಳಿಕೆ ಇಲ್ಲದೆ ಈ ಪ್ರಸಂಗ ಕಟ್ಟಲು ಬರುವುದಿಲ್ಲ.

ತಪ್ಪುಗಳನ್ನು ಎಣಿಸುವ ಕ್ರಮವೂ ಉಪೇಕ್ಷಿಸತಕ್ಕದ್ದಲ್ಲ. ಪತಿವ್ರತೆಯ ಕಥೆಗಳಲ್ಲಿ ಗಂಡನ ತಪ್ಪಿಗೆ ಲೆಕ್ಕವಿರುವುದಿಲ್ಲ. ಸೈರಣೆಗೆ ಮಿತಿಯಿಲ್ಲದಿರುವುದೇ ಅಲ್ಲಿನ ಮೌಲ್ಯ. ಚಿಕ್ಕದೇವರಾಜನ ಆಸ್ಥಾನದ ಸಂಚಿ ಹೊನ್ನಮ್ಮ ‘ಹದಿಬದೆಯ ಧರ್ಮ’ದಲ್ಲಿ ಹೆಣ್ಣುಹುಟ್ಟಿನ ಘನತೆಗಾಗಿ ದಿಟ್ಟವಾಗಿ ವಾದಿಸಿದಳು. ಆದರೂ ಗಂಡನ ಇಚ್ಛೆಗೆ ಗಡಿ ಹಾಕುವ ಮಾತಿಗೆ ಆ ಕಾವ್ಯದ ಚೌಕಟ್ಟಿನಲ್ಲಿ ಎಡೆಯಿರಲಿಲ್ಲ. ಹರಿಹರನ ಅಕ್ಕ ಲೆಕ್ಕ ಇಡುತ್ತಾಳೆ, ಲೆಕ್ಕ ಮುಗಿದಾಗ ಎದ್ದು ನಡೆಯುತ್ತಾಳೆ.

ಹರಿಹರನ ಕಾಲಕ್ಕೆ ಹತ್ತಿರದ ಇನ್ನೊಂದು ಕಾವ್ಯ 1209ರ ಜನ್ನನ ‘ಯಶೋಧರಚರಿತೆ’. ಅಮೃತಮತಿ ಗಂಡನ ಮಗ್ಗುಲಿನಿಂದ ಎದ್ದು ಮಾವುತ ಅಷ್ಟಾವಂಕನ ಬಳಿಗೆ ಹೋಗುತ್ತಾಳೆ. ಜನ್ನ ಅವಳ ಬಯಕೆಯನ್ನು ಅಸಾಮಾನ್ಯ ಕೌಶಲದಿಂದ ಕಂಡಿದ್ದಾನೆ, ಆದರೆ ಅವಳಿಗೆ ‘ಒಲ್ಲೆ’ನೆಂಬ ಮಾತನ್ನು ಕೊಟ್ಟಿಲ್ಲ. ಮಾತಿಲ್ಲದ ಕಡೆ ಉಳಿಯುವುದು ಕಳವು, ಆಮೇಲೆ ವಿಷ. ಇಬ್ಬರು ಕವಿಗಳ ಧರ್ಮ ಬೇರೆ, ಉದ್ದೇಶ ಬೇರೆ. ಹೋಲಿಕೆಯನ್ನು ಬಹಳ ದೂರ ಎಳೆಯುವುದು ಯುಕ್ತವಲ್ಲ. ಆದರೂ ಅಕ್ಕಪಕ್ಕದ ಎರಡು ಕಾವ್ಯಗಳಲ್ಲಿ ಒಂದರ ಹೆಣ್ಣು ಷರತ್ತನ್ನು ಬಾಯಿಬಿಟ್ಟು ಹೇಳಿ ಹೊರಟುಹೋದಳು, ಇನ್ನೊಂದರ ಹೆಣ್ಣು ಹೇಳಲಾರದೆ ಉಳಿದು ಕೊಲೆಗಾರ್ತಿಯಾದಳು ಎಂಬುದು ಆಕಸ್ಮಿಕವೆಂದು ತೋರುವುದಿಲ್ಲ.

‘ಒಲ್ಲೆ’ ಎಂಬ ಪದದ ಬಳಿ ತುಸು ನಿಲ್ಲಬೇಕು. ಒಲವು, ಒಲುಮೆ, ಒಲಿ ಎಂಬ ಮಾತುಗಳು ಬಂದ ಧಾತುವಿನಿಂದಲೇ ಒಲ್ಲೆ, ಒಲ್ಲದು, ಒಲ್ಲಳು ಬಂದಿವೆ. ಪ್ರೀತಿಸುವುದಕ್ಕೂ ಒಪ್ಪುವುದಕ್ಕೂ ನಿರಾಕರಿಸುವುದಕ್ಕೂ ಕನ್ನಡದಲ್ಲಿ ಬೇರು ಒಂದೇ. ದಕ್ಷಿಣದ ಆಡುಮಾತಿನಲ್ಲಿ ಈ ಪದ ಬಹುಮಟ್ಟಿಗೆ ಹಿಂದೆ ಸರಿದಿದೆ. ಧಾರವಾಡ ಸೀಮೆಯಲ್ಲಿ ಇಂದಿಗೂ ಜೀವಂತವಾಗಿದೆ. ಕುಂದಗೋಳ ತಾಲ್ಲೂಕಿನ ಕುಬಿಹಾಳವೂ ಸೇರಿದ ಆ ಎರೆನೆಲದ ಹಳ್ಳಿಗಳ ಮಾತಿನಲ್ಲಿ ಅದು ಕ್ರಿಯಾಪದಕ್ಕೆ ಹತ್ತಿ ವ್ಯಾಕರಣವೇ ಆಗಿಹೋಗಿದೆ. ಮಳೆ ಬಾರದಿದ್ದರೆ ‘ಮಳಿ ಬರವಲ್ದು’, ಸೊಸೆ ಗಂಡನ ಮನೆಗೆ ಹೋಗದಿದ್ದರೆ ‘ಆಕಿ ನಡೀವಲ್ಲಳು’. ಎರಡರಲ್ಲಿಯೂ ಕ್ರಿಯೆ ನಡೆಯದಿರುವುದು ಕರ್ತೃವಿನ ಒಲ್ಲದಿಕೆಯಾಗಿ ಕಾಣುತ್ತದೆ. ಗಂಡನ ಮನೆಯಲ್ಲಿ ಬಾಳೇವು ಮಾಡಲೊಲ್ಲದ ಹೆಣ್ಣಿನ ವಿಷಯ ಅಲ್ಲಿ ಹಿರಿಯರ ಮುಂದೆ ಬರುತ್ತಿತ್ತು. ಹಲವು ಸಮುದಾಯಗಳಲ್ಲಿ ಸೋಡಚೀಟಿಯ ಮೂಲಕ ಬಿಡುಗಡೆಯೂ ಉಡಿಕಿಯ ಮೂಲಕ ಮರುಮದುವೆಯೂ ರೂಢಿಯಲ್ಲಿದ್ದವು. ಅಂಥ ರೂಢಿಯ ವಿಚ್ಛೇದನಕ್ಕೆ 1955ರ ಹಿಂದೂ ವಿವಾಹ ಕಾಯ್ದೆ ತನ್ನ 29ನೆಯ ಕಲಮಿನಲ್ಲಿ ಮಾನ್ಯತೆ ಉಳಿಸಿದೆ. ಆದರೆ ಹಿರಿಯರ ಮುಂದೆ ಬಂದದ್ದು ನಡೆಯುವ, ನಡೆಯದಿರುವ ಪ್ರಶ್ನೆ ಮಾತ್ರ. ನಡೆಯುತ್ತಲೇ ಒಂದು ರಾತ್ರಿಗೆ ಒಲ್ಲೆನೆನ್ನುವ ಹೆಂಡತಿಗೆ ಕಟ್ಟೆಯ ಮೇಲೆ ಜಾಗವಿರಲಿಲ್ಲ. ಮನೆಯನ್ನು ಬಿಡಬಹುದಾಗಿತ್ತು, ಮನೆಯೊಳಗೆ ಬೇಡವೆನ್ನುವಂತಿರಲಿಲ್ಲ. ಅಕ್ಕನ ಕಥೆಯೂ ಕೊನೆಗೆ ತಲುಪುವುದು ಇದೇ ಬಾಗಿಲಿಗೆ.

ವಸಾಹತುಶಾಹಿ ನ್ಯಾಯಾಲಯ ಬಂದ ಮೇಲೆ ಮನೆ ಬಿಡುವ ಈ ದಾರಿಯೂ ಇಕ್ಕಟ್ಟಾಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತ್ಯದ ಭಾಗ. ಕುಂದಗೋಳ ಪಟ್ಟಣ ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದರೂ ಸುತ್ತಲಿನ ಬಹುಭಾಗದ ಮೇಲೆ ಮುಂಬಯಿಯ ಹೈಕೋರ್ಟಿನ ಮಾತು ನಡೆಯುತ್ತಿತ್ತು. ಆ ನ್ಯಾಯಾಲಯದಲ್ಲಿಯೇ ರಖಮಾಬಾಯಿಯ ಪ್ರಕರಣ ನಡೆದದ್ದು. ಬಾಲ್ಯದಲ್ಲಿ ಮದುವೆಯಾಗಿ, ಬೆಳೆದ ಮೇಲೆ ಗಂಡನೊಡನೆ ಬಾಳಲು ಒಪ್ಪದ ಆಕೆಯ ಮೇಲೆ ಗಂಡ 1884ರಲ್ಲಿ ದಾಂಪತ್ಯ ಹಕ್ಕಿನ ಪುನಃಸ್ಥಾಪನೆಗಾಗಿ ದಾವೆ ಹೂಡಿದ. 1885ರಲ್ಲಿ ನ್ಯಾಯಮೂರ್ತಿ ಪಿನ್ಹೆ ಆಕೆಯ ಪರ ತೀರ್ಪಿತ್ತರು. ಮೇಲ್ಮನವಿಯ ನಂತರ 1887ರಲ್ಲಿ ಗಂಡನ ಮನೆಗೆ ಹೋಗಬೇಕು, ಇಲ್ಲವೇ ಆರು ತಿಂಗಳ ಸೆರೆವಾಸ ಅನುಭವಿಸಬೇಕು ಎಂಬ ಆದೇಶ ಬಂತು. ರಖಮಾಬಾಯಿ ಸೆರೆಮನೆಯನ್ನೇ ಆರಿಸಿಕೊಳ್ಳುವೆನೆಂದಳು. 1888ರಲ್ಲಿ ಹಣದ ರಾಜಿಯಲ್ಲಿ ವ್ಯಾಜ್ಯ ಮುಗಿಯಿತು. ಬಾಲಗಂಗಾಧರ ತಿಲಕರಂಥವರು ಅಂದು ಆಕೆಯ ವಿರುದ್ಧ ನಿಂತಿದ್ದರೆಂಬುದು ರಾಷ್ಟ್ರೀಯತೆಯ ಚರಿತ್ರೆಯ ಕಹಿ ಪುಟ. ಗಂಡನ ಈ ದಾವೆಯ ಮೂಲ ಇದ್ದದ್ದು ಇಂಗ್ಲೆಂಡಿನ ಚರ್ಚಿನ ನ್ಯಾಯಪದ್ಧತಿಯಲ್ಲಿ. ಧರ್ಮಶಾಸ್ತ್ರದ ಹೆಸರಿನಲ್ಲಿ ಅದನ್ನು ಸಮರ್ಥಿಸಿದವರು ಆಮದಾದ ಸರಕನ್ನು ಮನೆಯದೆಂದು ತಿಳಿದಿದ್ದರು.

ಗಂಡನಿಗೆ ಅತ್ಯಾಚಾರದ ಆರೋಪದಿಂದ ವಿನಾಯಿತಿ ಕೊಡುವ ನಿಯಮವೂ ಅಲ್ಲಿಂದಲೇ ಬಂದದ್ದು. ಮದುವೆಯಲ್ಲಿ ಕೊಟ್ಟ ಒಪ್ಪಿಗೆಯನ್ನು ಹೆಂಡತಿ ಹಿಂತೆಗೆಯಲಾರಳು ಎಂಬ ಇಂಗ್ಲಿಷ್ ನ್ಯಾಯಾಧೀಶ ಮ್ಯಾಥ್ಯೂ ಹೇಲನ ಮಾತು ಅಚ್ಚಾದದ್ದು 1736ರಲ್ಲಿ. ಹರಿಹರನ ರಗಳೆಗಿಂತ ಐದು ಶತಮಾನ ಈಚೆಗೆ. 1860ರ ಭಾರತೀಯ ದಂಡಸಂಹಿತೆ ಆ ವಿನಾಯಿತಿಯನ್ನು ತನ್ನದಾಗಿಸಿಕೊಂಡಿತು. ಇಂಗ್ಲೆಂಡು 1991ರಲ್ಲಿ ಅದನ್ನು ಕೈಬಿಟ್ಟಿತು. ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು 2022ರ ಮಾರ್ಚ್ 23ರಂದು, ಗಂಡನೆಂಬ ಕಾರಣಕ್ಕೆ ಅತ್ಯಾಚಾರದ ಆರೋಪದಿಂದ ಪಾರಾಗಲಾಗದೆಂದು ಹೇಳಿ ವಿಚಾರಣೆ ಮುಂದುವರಿಯಲು ಬಿಟ್ಟರು. ಅದೇ ವರ್ಷದ ಜುಲೈಯಲ್ಲಿ ಸುಪ್ರೀಂ ಕೋರ್ಟು ಅದಕ್ಕೆ ತಡೆ ನೀಡಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 63ನೆಯ ಕಲಮು, ಹೆಂಡತಿ ಹದಿನೆಂಟು ವರ್ಷ ತುಂಬಿದವಳಾಗಿದ್ದರೆ, ಹಳೆಯ ವಿನಾಯಿತಿಯನ್ನು ಉಳಿಸಿಕೊಂಡಿದೆ. ಈ ಚರ್ಚೆಯಲ್ಲಿ ವಿನಾಯಿತಿಯ ಪರವಾಗಿ ‘ನಮ್ಮ ಸಂಸ್ಕೃತಿ’ಯನ್ನು ಮುಂದೊಡ್ಡುವವರು ಮಹಾದೇವಿಯಕ್ಕನ ರಗಳೆಯನ್ನು ಆ ಸಂಸ್ಕೃತಿಯ ಹೊರಗಿಟ್ಟು ಮಾತಾಡುತ್ತಾರೆ.

ಹಾಗೆಂದು ಹರಿಹರನನ್ನು ಇಂದಿನ ವಾದಗಳ ವಕೀಲನನ್ನಾಗಿ ಮಾಡುವುದೂ ಅನ್ಯಾಯವೇ. ಅಕ್ಕನ ನಿರಾಕರಣೆಗೆ ಅಲ್ಲಿ ಬಲ ಕೊಡುವುದು ಅವಳ ಇಚ್ಛೆಯೊಂದೇ ಅಲ್ಲ; ಚೆನ್ನಮಲ್ಲಿಕಾರ್ಜುನನೆಂಬ ಇನ್ನೊಬ್ಬ ಗಂಡ. ‘ಶೂನ್ಯಸಂಪಾದನೆ’ಯಲ್ಲಿ ಅಲ್ಲಮ ಅವಳನ್ನು ಒಳಗೆ ಬಿಡುವ ಮುನ್ನ ಕೇಳುವುದೂ ಗಂಡನ ಕುರುಹನ್ನೇ. ಒಬ್ಬ ಗಂಡನನ್ನು ಒಲ್ಲೆನೆನ್ನಲು ಇನ್ನೊಬ್ಬ ಗಂಡನ ಆಸರೆ ಬೇಕಾದದ್ದು ಆ ಕಾಲದ ಮಿತಿ, ಅದನ್ನು ಮುಚ್ಚಿಡಬೇಕಾಗಿಲ್ಲ. ದೇವರ ಹೆಸರು ಹೇಳಲಾರದ, ಬರಿದೆ ದಣಿದ, ಬರಿದೆ ಮನಸ್ಸಿಲ್ಲದ ಹೆಂಡತಿಯ ‘ಒಲ್ಲೆ’ಗೆ ರಗಳೆಯಲ್ಲಿ ನಿದರ್ಶನ ದೊರೆಯುವುದಿಲ್ಲ. ಧಾರವಾಡದಲ್ಲಿ ಬೆಳೆದ ಗಿರೀಶ ಕಾರ್ನಾಡರ ‘ನಾಗಮಂಡಲ’ದ ರಾಣಿ ಅಂಥ ಸಾಮಾನ್ಯ ಹೆಂಡತಿ. ಅವಳ ದಿನವೂ ಹಗಲು ಇರುಳಾಗಿ ಸೀಳಿದೆ, ಆದರೆ ತಿರುಗುಮುರುಗಾಗಿ: ಹಗಲಿನ ಗಂಡ ಬಾಗಿಲಿಗೆ ಬೀಗ ಹಾಕುವವನು, ಇರುಳಿನವನು ಗಂಡನ ರೂಪ ತಳೆದ ನಾಗ. ಅವಳು ಒಪ್ಪಿದ್ದು ಯಾರಿಗೆಂಬುದೇ ಅವಳಿಗೆ ತಿಳಿಯದು, ಪ್ರಶ್ನೆ ಕೇಳಬಾರದೆಂಬ ಕಟ್ಟಳೆ ಬೇರೆ. ಷರತ್ತು ಹಾಕುವವಳಾಗಿದ್ದ ಹೆಂಡತಿ ಇಲ್ಲಿ ಷರತ್ತಿಗೆ ಒಳಗಾದವಳು.

ರಗಳೆಯ ಕೊನೆಯ ಭಾಗಕ್ಕೆ ವಿಮರ್ಶೆ ಅಷ್ಟಾಗಿ ಗಮನ ಕೊಟ್ಟಿಲ್ಲ. ಹರಿಹರನ ಅಕ್ಕ ಕಲ್ಯಾಣಕ್ಕೆ ಹೋಗುವುದಿಲ್ಲ. ಉಡುತಡಿಯಿಂದ ನೇರವಾಗಿ ಶ್ರೀಶೈಲ ಸೇರುತ್ತಾಳೆ. ಹೆತ್ತವರು ಅಲ್ಲಿಗೂ ಬರುತ್ತಾರೆ. ಕೌಶಿಕನೂ ಬರುತ್ತಾನೆ, ಈ ಸಲ ಶಿವಭಕ್ತನ ವೇಷದಲ್ಲಿ. ಮದುವೆಗೆ ಮೊದಲು ಅಡ್ಡಿಯಾಗಿದ್ದದ್ದು ಅವನ ಭವಿತನ; ಆ ಅಡ್ಡಿ ಈಗ, ಕಣ್ಣಿಗೆ ಕಾಣುವಷ್ಟರ ಮಟ್ಟಿಗಾದರೂ, ಇಲ್ಲ. ಅರಸ ತಾನು ಕಳೆದುಕೊಂಡ ಹಕ್ಕಿನ ಪುನಃಸ್ಥಾಪನೆಗೆ ಬಂದಿದ್ದಾನೆ ಎನ್ನಬಹುದು, ಆದೇಶದ ಬದಲು ವಿಭೂತಿ ಧರಿಸಿಕೊಂಡು. ಭಕ್ತಕವಿಯಾದ ಹರಿಹರನಿಗೆ ಇಲ್ಲಿ ಅವರಿಬ್ಬರನ್ನು ಒಂದುಗೂಡಿಸುವ ದಾರಿ ತೆರೆದಿತ್ತು. ಭವಿ ಭಕ್ತನಾಗಿ ಸಂಸಾರ ಸರಿಹೋಗುವ ಕಥೆಗಳು ಆ ಪರಂಪರೆಗೆ ಹೊಸವಲ್ಲ. ಅವನು ಆ ದಾರಿ ಹಿಡಿಯಲಿಲ್ಲ. ಅಕ್ಕ ಅರಸನನ್ನು ಹಿಂದಕ್ಕೆ ಕಳುಹಿಸುತ್ತಾಳೆ, ಕದಳಿಯ ಕಡೆಗೆ ನಡೆಯುತ್ತಾಳೆ.